ಜೇಡಿಮಣ್ಣಿನ ಅಂಗಳದಲ್ಲಿ ಕೃತಕ ಹುಲ್ಲು: ನೀರು ನಿಲ್ಲದಿರಲು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಮನೆ ಹಿಂದೆ ಸುಮಾರು 60 ಚದರ ಮೀಟರ್ ಅಂಗಳ ಇದೆ. ಪೂರ್ತಿ ಜೇಡಿಮಣ್ಣು. ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕೃತಕ ಹುಲ್ಲು ಹಾಕಿಸೋಣ ಅಂತ ಇದ್ದೇವೆ. ಮಾರುವವರು "ಹುಲ್ಲಿನ ತಳದಲ್ಲೇ ತೂತುಗಳಿವೆ, ಕೆಳಗೆ ಒಂದಿಷ್ಟು ಮರಳು ಹಾಕಿದರೆ ಸಾಕು" ಅನ್ನುತ್ತಾರೆ. ನಂಬಬಹುದಾ?

ಉತ್ತರ: ತೂತಿನ ಮಾತು ಸುಳ್ಳಲ್ಲ. ನೀರು ಹುಲ್ಲಿನಿಂದ ಸಲೀಸಾಗಿ ಕೆಳಗಿಳಿಯುತ್ತದೆ. ಆಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅವರು ಹೇಳಿಲ್ಲ. ಒದ್ದೆಯಾದ ಜೇಡಿಮಣ್ಣು ಗಂಟೆಗೆ ಕೆಲವೇ ಮಿಲಿಮೀಟರ್ ನೀರು ಕುಡಿಯುತ್ತದೆ. ನೀವು ಅದನ್ನು 15 ಸೆಂ.ಮೀ. ಅಗೆದು ಮರಳೋ ಜಲ್ಲಿಯೋ ತುಂಬಿದರೆ, ತೂಬಿಲ್ಲದ ತೊಟ್ಟಿ ಕಟ್ಟಿದ ಹಾಗೆ. ಮೊದಲ ದೊಡ್ಡ ಮಳೆಗೆ ತುಂಬುತ್ತದೆ, ಎರಡನೆಯದಕ್ಕೆ ಹುಲ್ಲಿನ ಮೇಲೆ ಉಕ್ಕುತ್ತದೆ.

ಲೆಕ್ಕ ಹಾಕಿ ನೋಡಿ. 60 ಚದರ ಮೀಟರ್ ಮೇಲೆ 40 ಮಿ.ಮೀ. ಮಳೆ ಅಂದರೆ 2,400 ಲೀಟರ್. ಪುಡಿ ಇಲ್ಲದ ಜಲ್ಲಿಯಲ್ಲಿ ಸುಮಾರು 40% ಜಾಗ ಖಾಲಿ ಇರುತ್ತದೆ. ಹಾಗಾಗಿ 10 ಸೆಂ.ಮೀ. ದಪ್ಪದ ಜಲ್ಲಿ ಅಷ್ಟು ನೀರನ್ನು ಹಿಡಿದಿಡುತ್ತದೆ. ಹಿಡಿದಿಡುತ್ತದೆ ಅಷ್ಟೇ, ಹೊರಗೆ ಕಳಿಸುವುದಿಲ್ಲ.

ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಗೊತ್ತು ಮಾಡಿಕೊಳ್ಳಿ. ಅಂಗಳ 15 ಸೆಂ.ಮೀ. ಅಗೆತ, ಅದರ ಕೆಳಗೆ ನೀರನ್ನು ಹೊರಗೆ ಒಯ್ಯುವ ತೂತಿನ ಪೈಪಿನ ಕಾಲುವೆ 20 ಸೆಂ.ಮೀ., ಪೈಪು 10 ಮೀಟರ್ ಹೋಗಬೇಕಾದರೆ 1% ಇಳಿಜಾರಿಗೆ ಇನ್ನೊಂದು 10 ಸೆಂ.ಮೀ. ಅಂದರೆ ನೀರು ಬಿಡುವ ಜಾಗ ಈಗಿನ ನೆಲಮಟ್ಟಕ್ಕಿಂತ 45 ಸೆಂ.ಮೀ. ಕೆಳಗಿರಬೇಕು. ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಅಳೆಯಿರಿ. ಕಣ್ಣಳತೆ ನಂಬಬೇಡಿ.

ಇಂಗುವ ಪರೀಕ್ಷೆಯನ್ನೂ ಮಾಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ, ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಿರಿ. ಎರಡನೇ ಸಲದ್ದೇ ಲೆಕ್ಕಕ್ಕೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಜೇಡಿಮಣ್ಣು ನೀರನ್ನು ಗಟಗಟ ಕುಡಿದು ಮೋಸ ಮಾಡುತ್ತದೆ. 2.5 ಸೆಂ.ಮೀ.ಗಿಂತ ಜಾಸ್ತಿ ಇಳಿದರೆ ಪೈಪು ಇಲ್ಲದೆಯೂ ನಡೆಯಬಹುದು. 1 ಸೆಂ.ಮೀ.ಗಿಂತ ಕಡಿಮೆಯಾದರೆ ಪೈಪು ಬೇಕೇ ಬೇಕು. ನಡುವೆ ಬಂದರೂ ನಾನಾದರೆ ಪೈಪು ಹಾಕಿಸುತ್ತೇನೆ. ಆಮೇಲೆ ಹುಲ್ಲು ಎತ್ತಿ ಹಾಕುವುದು ಯಾರಿಗೆ ಬೇಕು?

ಅಗೆಯುವಾಗ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ತಳವನ್ನು ಸಮತಟ್ಟಾಗಿ ಅಗೆದು, ಮೇಲಿನ ಜಲ್ಲಿಯಲ್ಲಿ ಮಾತ್ರ ಇಳಿಜಾರು ಕೊಡುತ್ತಾರೆ. ನೀರು ಹರಿಯುವುದು ಜೇಡಿಮಣ್ಣಿನ ಮೇಲೆ, ಅಲ್ವಾ? ಆ ತಳಕ್ಕೇ ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇರಬೇಕು. ಅದು ಮನೆಗೋಡೆಯಿಂದ ದೂರಕ್ಕೆ, ಪೈಪಿನ ಕಡೆಗೆ ಇಳಿಯಬೇಕು. ಮಣ್ಣು ಕೈಗೆ ಅಂಟುವಷ್ಟು ಒದ್ದೆ ಇದ್ದರೆ ಕೆಲಸ ನಿಲ್ಲಿಸಿ. ತುಳಿದಷ್ಟೂ ರಾಡಿಯಾಗಿ ಹಳ್ಳ ಬೀಳುತ್ತದೆ.

ತಳದ ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ನಾನ್-ವೋವನ್ (ನೇಯದ) ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಎರಡು ತುಂಡು ಸೇರುವಲ್ಲಿ ಒಂದರ ಮೇಲೊಂದು 30 ಸೆಂ.ಮೀ. ಬರಲಿ. ಇದಿಲ್ಲದಿದ್ದರೆ ಜಲ್ಲಿ ಮಣ್ಣಿನೊಳಗೆ ಇಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ, ಅದರಲ್ಲಿ ನೀರು ಇಳಿಯುವುದಿಲ್ಲ. ಬಟ್ಟೆಯ ಮೇಲೆ 10 ಸೆಂ.ಮೀ. ದಪ್ಪಕ್ಕೆ 20 ಎಂ.ಎಂ. ಜಲ್ಲಿ. ಅದರ ಮೇಲೆ ಮಟ್ಟ ಮಾಡಲು 3 ಸೆಂ.ಮೀ. ದಪ್ಪಕ್ಕೆ 6 ಎಂ.ಎಂ. ಸಣ್ಣ ಜಲ್ಲಿ. ಎರಡನ್ನೂ ನೆಲ ಕುಟ್ಟುವ ಯಂತ್ರವಾದ ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಗಟ್ಟಿ ಮಾಡಿ. ಜಲ್ಲಿಪುಡಿ ಸೇರಿಸಿದರೆ ಮಟ್ಟ ಚೆನ್ನಾಗಿ ಬರುತ್ತದೆ, ಮರಳುಮಣ್ಣಿನ ಜಾಗಕ್ಕೆ ಅದು ಸರಿ. ಜೇಡಿಯ ಮೇಲೆ ನಾನು ಹಾಕಿಸುವುದಿಲ್ಲ. ಕುಟ್ಟಿದ ಪುಡಿ ಸಂದುಗಳನ್ನು ಮುಚ್ಚಿಬಿಡುತ್ತದೆ.

ಪೈಪು 100 ಎಂ.ಎಂ. ತೂತಿನದು, ಅಂಗಳದ ತಗ್ಗಿನ ಅಂಚಿನಲ್ಲಿ. ತೂತು ಕೆಳಮುಖವಾಗಿರಲಿ. ಕಾಲುವೆಯಲ್ಲಿ ನೀರು ಕೆಳಗಿಂದ ಏರಿ ಬರುತ್ತದೆ, ಹಾಗಾಗಿ ಬೇಗ ಒಳಗೆ ಸೇರುತ್ತದೆ. ಸುತ್ತ ಜಲ್ಲಿ, ಅದರ ಹೊರಗೆ ಬಟ್ಟೆ.

ಮೊದಲು ಕೇಳಿದವರು: ತುಂಬಾ ಉಪಕಾರವಾಯಿತು ಸರ್. ಅಳೆದೆ. ಮಳೆನೀರು ಚರಂಡಿ 8 ಮೀಟರ್ ದೂರದಲ್ಲಿದೆ, ಆದರೆ ಅಂಗಳಕ್ಕಿಂತ 30 ಸೆಂ.ಮೀ. ಮಾತ್ರ ಕೆಳಗೆ.

ಉತ್ತರ: ಹಾಗಾದರೆ ಕೆಳಗೆ ಹೋಗಬೇಡಿ, ಮೇಲೆ ಬನ್ನಿ. 8 ಮೀಟರಿಗೆ 8 ಸೆಂ.ಮೀ. ಇಳಿಜಾರು ಕಳೆದರೆ ಪೈಪಿನ ತಳ ಅಂಗಳದ ಅಂಚಿನಲ್ಲಿ 22 ಸೆಂ.ಮೀ. ಆಳದಲ್ಲಿ ಶುರುವಾಗಬಹುದು. ಆ ಅಂಚಿನಲ್ಲಿ 5 ಸೆಂ.ಮೀ. ಮಾತ್ರ ಅಗೆದು, ಜಲ್ಲಿಯನ್ನು ನೆಲಮಟ್ಟಕ್ಕಿಂತ ಮೇಲಕ್ಕೆ ಕಟ್ಟಿ. ಆಗ ಕಾಲುವೆಗೆ 17 ಸೆಂ.ಮೀ. ಸಿಗುತ್ತದೆ, ಪೈಪು ಕೂರುತ್ತದೆ. ಎರಡು ಎಚ್ಚರ: ಹುಲ್ಲಿನ ಮಟ್ಟ ಗೋಡೆಯ ತೇವ ತಡೆಯುವ ಪದರಕ್ಕಿಂತ 15 ಸೆಂ.ಮೀ. ಆದರೂ ಕೆಳಗಿರಲಿ, ನೀರು ಪಕ್ಕದವರ ಕಡೆ ತಿರುಗದಿರಲಿ. ಎತ್ತರಿಸಲು ಆಗದೇ ಇದ್ದರೆ ತಗ್ಗಿನ ಮೂಲೆಯಲ್ಲಿ ಸಂಪ್ ಮಾಡಿ ಫ್ಲೋಟ್ ಇರುವ (ನೀರು ಏರಿದಾಗ ತಾನೇ ಶುರುವಾಗುವ) ಪಂಪು ಇಡಬೇಕು. ಅದು ನನ್ನ ಕೊನೆಯ ಆಯ್ಕೆ. ಜೋರು ಮಳೆಗೇ ಕರೆಂಟ್ ಹೋಗುವುದು ಎಲ್ಲ ಕಡೆ ಇದ್ದದ್ದೇ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಜೇಡಿಗೆ ಮರಳು ಬೆರೆಸಿದರೆ, ಇಲ್ಲವೇ ಒಂದು ಇಂಗುಗುಂಡಿ ತೋಡಿದರೆ ಆಗಲ್ವಾ?

ಉತ್ತರ: ಸ್ವಲ್ಪ ಮರಳು ಬೆರೆಸಿದರೆ ಜೇಡಿ ಇನ್ನೂ ಗಟ್ಟಿಯಾಗುತ್ತದೆ. ಗುಣ ಬದಲಾಗಬೇಕಾದರೆ ಮಣ್ಣಿಗಿಂತ ಮರಳೇ ಜಾಸ್ತಿ ಬೇಕು. ಇಂಗುಗುಂಡಿಯ ತಳದಲ್ಲಿ ಮರಳಿನ ಪದರ ಸಿಕ್ಕರೆ ಸರಿ. ಅಲ್ಲೂ ಜೇಡಿಯೇ ಇದ್ದರೆ ಸುಮ್ನೆ ಇನ್ನೊಂದು ಗುಂಡಿ.

ಇನ್ನೊಬ್ಬರು: ನಮ್ಮ ತಾರಸಿ ನೀರಿನ ಪೈಪು ಅಂಗಳಕ್ಕೇ ಬೀಳುತ್ತದೆ. ಅದನ್ನೂ ಈ ತೂತಿನ ಪೈಪಿಗೆ ಸೇರಿಸಲಾ?

ಉತ್ತರ: ಬೇಡ. 100 ಚದರ ಮೀಟರ್ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೂ 1,000 ಲೀಟರ್ ಬರುತ್ತದೆ. ಅದು ತೂತುಗಳಿಂದ ಹೊರಬಂದು ನಿಮ್ಮ ಜಲ್ಲಿಯನ್ನೇ ತುಂಬುತ್ತದೆ. ತೂತಿಲ್ಲದ ಬೇರೆ ಪೈಪಿನಲ್ಲಿ ಕಳಿಸಿ. ಕೆಲವು ಅಂಗಳಗಳಲ್ಲಿ ಇದೊಂದನ್ನು ಮಾಡಿದರೇ ಅರ್ಧ ತೊಂದರೆ ಹೋಗುತ್ತದೆ.

ಇನ್ನೊಬ್ಬರು: ನಾವು ಆಗಲೇ ಹಾಕಿಸಿಬಿಟ್ಟಿದ್ದೇವೆ ಸರ್. ಒಂದು ಕಡೆ ನೀರು ನಿಲ್ಲುತ್ತದೆ. ಪೂರ್ತಿ ಕೀಳಬೇಕಾ?

ಉತ್ತರ: ಮೊದಲು ಮಳೆಯಾದ ಮೇಲೆ ಆ ಕಡೆಯ ಮೂಲೆ ಎತ್ತಿ ನೋಡಿ. ಮೇಲೆ ನೀರು, ಕೆಳಗಿನ ಜಲ್ಲಿ ಒಣಗಿದ್ದರೆ ಹುಲ್ಲಿನ ತೂತು ಕಟ್ಟಿವೆ. ಕಸ, ಧೂಳು ತೆಗೆದು ತೊಳೆಯಿರಿ. ಜಲ್ಲಿಯೇ ತುಂಬಿ ನಿಂತಿದ್ದರೆ ಹೊರದಾರಿ ಇಲ್ಲ ಅಂತ ಅರ್ಥ. ಹಲವು ಸಲ ಅಂಚಿಗೆ ಕಟ್ಟಿದ ಕಾಂಕ್ರೀಟ್ ಪಟ್ಟಿಯೇ ನೀರಿಗೆ ಅಡ್ಡ ಇರುತ್ತದೆ. ತಗ್ಗಿನ ಅಂಚಿನಲ್ಲಿ ಅರ್ಧ ಮೀಟರ್ ಹುಲ್ಲು ಮಡಚಿ, ಪಟ್ಟಿಯ ಅಡಿಯಲ್ಲಿ ದಾರಿ ಮಾಡಿ, ಉದ್ದಕ್ಕೂ ಕಾಲುವೆ ತೋಡಿ ಪೈಪು ಕೂರಿಸಿ. ತಳಕ್ಕೆ ಆ ಕಡೆ ಇಳಿಜಾರು ಇದ್ದರೆ ಉಳಿದ ಹುಲ್ಲನ್ನು ಮುಟ್ಟಬೇಕಾಗಿಲ್ಲ. ಇಲ್ಲದಿದ್ದರೆ ಕೀಳಲೇಬೇಕು.