ಬುದ್ಧ ಸರ್ಕ್ಯೂಟ್ ಅಲ್ಲೇ ಐತಿ, ಫಾರ್ಮುಲಾ ಒನ್ ಯಾಕ ವಾಪಸ್ ಬರವಲ್ದು?

ಉಣಕಲ್ ಹುಡುಗ:

2011ರ ಅಕ್ಟೋಬರ್ 30. ಆಗ ನಾನು ಹುಬ್ಬಳ್ಳಿಯಾಗ ಇಂಜಿನಿಯರಿಂಗ್ ಎರಡನೇ ವರ್ಷ. ಗೆಳ್ಯಾನ ಅಕ್ಕನ ಮದುವಿ ಐತಿ ಅಂತ ಮನಿಯಾಗ ಸುಳ್ಳು ಹೇಳಿ, ರೈಲು ಹತ್ತಿ ದಿಲ್ಲಿಗೆ ಹೋಗಿ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಾಗ ಮೊದಲನೇ ಇಂಡಿಯನ್ ಗ್ರ್ಯಾನ್‌ಪ್ರಿ, ಅಂದ್ರ ನಮ್ಮ ದೇಶದ ಫಾರ್ಮುಲಾ ಒನ್ ಕಾರ್ ರೇಸ್, ನೋಡಿ ಬಂದೀನಿ. ಜರ್ಮನಿಯ ಡ್ರೈವರ್ ವೆಟ್ಟೆಲ್ ಗೆದ್ದ. 2012ಕ್ಕೂ ಅವನ, 2013ಕ್ಕೂ ಅವನ. ಕಡೀ ಸಲ ನಾಲ್ಕನೇ ಚಾಂಪಿಯನ್‌ಶಿಪ್ ಅಲ್ಲೇ ಮುಗಿಸಿ, ಖುಷಿಗೆ ಕಾರು ಗಿರಗಿರ ತಿರುಗಿಸಿದ್ದಕ್ಕ 25,000 ಯೂರೋ ದಂಡಾನೂ ಬಿತ್ತು. ಅಲ್ಲಿಗೆ ನಮ್ಮ ಕಥಿ ಮುಗೀತು.

ಈಗ ವರ್ಷಕ್ಕ 24 ರೇಸ್. ಅಜರ್‌ಬೈಜಾನದ ಬಾಕುಕ್ಕ ಐತಿ, ಸೌದಿಯ ಜೆಡ್ಡಾಕ್ಕ ಐತಿ, ಕತಾರಕ್ಕ ಐತಿ. ಅಮೆರಿಕಾಕ್ಕ ಒಂದಲ್ಲ, ಮೂರು. ನಮಗ ಮಾತ್ರ ಇಲ್ಲ. ಆ 5.125 ಕಿ.ಮೀ. ಡಾಂಬರು ಎಲ್ಲೂ ಓಡಿ ಹೋಗಿಲ್ಲ, 2023ರಾಗ ಮೋಟೋಜಿಪಿ ಬೈಕು ಅದರ ಮ್ಯಾಲೇ ಓಡಿದ್ವು. ನಮ್ಮ ಮಾವ ಅಂತಾನ, ನಮ್ಮ ಮಂದಿಗೆ ಕ್ರಿಕೆಟ್ ಬಿಟ್ರ ಬ್ಯಾರೆ ಏನೂ ಬ್ಯಾಡ, ಅದಕ್ಕ ಹೋತು ಅಂತ. ನಾ ಕೂತ ಕಡೆ ಮಂದಿ ಕಿಕ್ಕಿರಿದಿದ್ರು. ಖರೇ ಏನಾತು? ಮತ್ತ ಈ ಕ್ಯಾಲೆಂಡರ್ ಯಾರು ಹಾಕ್ತಾರ? 2024ರಾಗ ಮೊನಾಕೊ ಮುಗಿಸಿ ಸಮುದ್ರ ದಾಟಿ ಕೆನಡಾ, ಅಲ್ಲಿಂದ ಮತ್ತ ಯುರೋಪ್. ಅದ್ಯಾವ ಲೆಕ್ಕ?

ಹಾವೇರಿ ಪೆಂಡಾಲ್:

ತಮ್ಮಾ, ನಿಮ್ಮ ಮಾವಗ ಹೇಳು, ಮಂದಿ ಬಂದ್ರೂ ರೇಸ್ ಹೋಗತಾವ. ನೆದರ್‌ಲ್ಯಾಂಡ್ಸ್‌ನ ಝಾಂಡ್‌ವೂರ್ಟ್ ನೋಡು. ಚಾಂಪಿಯನ್ ಡ್ರೈವರ್ ವರ್ಸ್ಟಪ್ಪನ್‌ನ ಮನಿ ರೇಸು, ಕಿತ್ತಳಿ ಅಂಗಿ ತೊಟ್ಟ ಮಂದಿ, ಕಾಲಿಡಾಕ ಜಾಗ ಇರೂದಿಲ್ಲ. ಆದ್ರೂ ನಡಸೋರ 2024ರಾಗ ಹೇಳಿಬಿಟ್ರು, 2026ರದ್ದೇ ಕಡೀದು ಅಂತ. ಅಲ್ಲಿ ಸರಕಾರದ ರೊಕ್ಕ ಇಲ್ಲ, ಖಾಸಗಿಯವರು ಸ್ವಂತ ಕಿಸೆದಿಂದ ನಡಸ್ತಾರ. ಮರ್ಸಿಡಿಸ್ ಹುಟ್ಟಿದ ಜರ್ಮನಿಯಾಗ 2020 ಆದ ಮ್ಯಾಲ ರೇಸ್ ಆಗಿಲ್ಲ. ಅಲ್ಲಿ ಮಂದಿಗೆ ಕಾರಿನ ಹುಚ್ಚು ಕಮ್ಮಿ ಐತೇನು?

ನಾನು ಇಪ್ಪತ್ತೆರಡು ವರ್ಷದಿಂದ ಪೆಂಡಾಲ್ ಹಾಕಾಂವ. ಮದುವಿ, ಜಾತ್ರಿ, ಹೋರಿ ಬೆದರಿಸೋದು, ಓಟಿನ ಸಭಾ ಎಲ್ಲಾ. ಒಂದು ವರ್ಷ ಧೈರ್ಯ ಮಾಡಿ ಒಂದು ಜಾತ್ರಿಯ ಅಂಗಡಿ ಜಾಗ ಲಿಲಾವಿನಾಗ ಹಿಡಿದೆ. ಊರ ಹೆಸರು ಬ್ಯಾಡ, ಇನ್ನೂ ಅಲ್ಲಿಂದ ನನಗ ಬಾಕಿ ಬರೂದೈತಿ. ಕಮಿಟಿಗೆ ರೊಕ್ಕ ಮುಂಗಡ ಕಟ್ಟಿದೆ. ಆಮ್ಯಾಲೆ ಕರಾರು ಓದಿದ್ರ ತೊಟ್ಟಿಲದ ರೊಕ್ಕ ಕಮಿಟಿಗೆ, ಬ್ಯಾನರ್ ರೊಕ್ಕ ಕಮಿಟಿಗೆ, ಗಾಡಿ ನಿಲ್ಲಸೋ ರೊಕ್ಕಾನೂ ಕಮಿಟಿಗೆ. ನನಗ ಉಳದದ್ದು ಮಿರ್ಚಿ ಅಂಗಡಿ, ಬಳಿ ಅಂಗಡಿ, ಬೆಂಡು ಬತ್ತಾಸದವರ ಬಾಡಗಿ. ಎರಡನೇ ದಿನ ಮಳಿ ಹಿಡೀತು. ತೊಯ್ದ ಬಳಿ ಡಬ್ಬಿ ಒರಸ್ಕೊಂತ ಕೂತ ಅಕ್ಕಗ ಬಾಡಗಿ ಕೊಡು ಅನ್ನಾಕ ಬಾಯಿ ಬರಲಿಲ್ಲ. ಫಾರ್ಮುಲಾ ಒನ್ ನಡಸೋದಂದ್ರ ಇದ.

ಬುದ್ಧ ಸರ್ಕ್ಯೂಟ್ ಕಟ್ಟಿದ್ದು ಜೇಪಿ ಕಂಪನಿ. ಡಾಂಬರು ಅವರದು, ರೇಸ್ ಅವರದಲ್ಲ. ಕರಾರಿನಾಗ ಅವರು ಕೊಡಬೇಕಾದ ಫೀ 4 ಕೋಟಿ ಡಾಲರ್. ಕೈಗೆ ಬರೂದು ಗೇಟಿನ ಟಿಕೆಟ್ ರೊಕ್ಕ. ಟಿವಿ, ಟ್ರ್ಯಾಕಿನ ದಂಡಿಗೆ ಹಚ್ಚೋ ಜಾಹೀರಾತು, ರೇಸಿನ ಹೆಸರಿನ ಮುಂದ ಬರೋ ಏರ್‌ಟೆಲ್ ಹೆಸರಿನ ರೊಕ್ಕ, ಶ್ರೀಮಂತರು ತಂಪನ್ಯಾಗ ಕೂತು ಉಣ್ಣೋ ಪ್ಯಾಡಕ್ ಕ್ಲಬ್, ಇವೆಲ್ಲಾ ವಾಪಸ್ ಫಾರ್ಮುಲಾ ಒನ್ ಕಡಿಯವರಿಗೇ. ಗೇಟಿನ ರೊಕ್ಕದಾಗ 4 ಕೋಟಿ ಡಾಲರ್ ಹುಟ್ಟೂದಿಲ್ಲ ಅಂತ ನನ್ನ ಪೆಂಡಾಲ್ ಹುಡುಗ್ರಿಗೂ ತಿಳೀತದ. ಹಂಗಾರ ಯಾಕ ಹಿಡಿದ್ರು? ಅವರು ಸರ್ಕ್ಯೂಟಿನ ಸುತ್ತ ಒಂದು ಊರ ಕಟ್ಟಾಕ ಹೊಂಟಿದ್ರು. ಹೊಸಾ ಲೇಔಟ್ ಮುಂದ ನಾಲ್ಕು ಗುಲಾಬಿ ಗಿಡ, ಒಂದು ಕಾರಂಜಿ ಮಾಡಿ ಪ್ಲಾಟ್ ಮಾರ್ತಾರಲ್ಲ, ಹಂಗ ಇದು ದೊಡ್ಡ ಕಾರಂಜಿ. ಕಂಪನಿ ಸಾಲದಾಗ ಸಿಕ್ಕಿತು, ಕಾರಂಜಿ ನೀರು ನಿಂತಿತು. 2020ರಾಗ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ, ಬಾಕಿ ಕಟ್ಟಿಲ್ಲ ಅಂತ ಜಾಗದ ಹಂಚಿಕೀನ ರದ್ದು ಮಾಡ್ತು.

ಬಾಕು, ಜೆಡ್ಡಾದಾಗ ಹಿಂದ ನಿಂತಾಂವ ಸರಕಾರ. ಅಂವ ಗೇಟಿನ ಲೆಕ್ಕ ನೋಡೂದಿಲ್ಲ, ಊರ ಹೆಸರು ಟಿವಿಯಾಗ ಬರಬೇಕು, ಅಷ್ಟ. ಗೌಡ್ರು ಮಗನ ಮದುವಿಗೆ ಪೆಂಡಾಲ್ ಹಾಕಸುವಾಗ ಮುಯ್ಯಿ ಎಷ್ಟು ಬಂದೀತು ಅಂತ ಲೆಕ್ಕ ಹಾಕ್ತಾರೇನು?

ಇನ್ನ ಆ ಕಮಿಟಿ ಯಾರು ಅಂತೀರಿ. ದೇವರು ಎಫ್‌ಐಎದು, ಅಂದ್ರ ಜಗತ್ತಿನ ಕಾರ್ ರೇಸಿನ ಒಕ್ಕೂಟದ್ದು, ಹುಂಡಿ ಬ್ಯಾರೆಯವರದು. ಚಾಂಪಿಯನ್‌ಶಿಪ್ ಎಫ್‌ಐಎ ಹೆಸರಿನಾಗೈತಿ, ನಿಯಮ ಮಾಡೋರೂ ಅವರ. ಆದ್ರ ರೊಕ್ಕ ಮಾಡೋ ಹಕ್ಕನ್ನ 2001ರಾಗ, ಆಗ ಫಾರ್ಮುಲಾ ಒನ್ ನಡಸ್ತಿದ್ದ ಬರ್ನಿ ಎಕ್ಲಸ್ಟೋನ್‌ನ ಕಂಪನಿಗೆ ನೂರು ವರ್ಷಕ್ಕ ಬರಕೊಟ್ರು, ಸುಮಾರು 31 ಕೋಟಿ ಡಾಲರ್‌ಗೆ. ಅದ ಹುಂಡಿ ಕೈಯಿಂದ ಕೈಗೆ ಹೋಗಿ 2017ರಾಗ ಅಮೆರಿಕಾದ ಲಿಬರ್ಟಿ ಮೀಡಿಯಾ ಕಂಪನಿಗೆ ಬರೂದರಾಗ ಸಾಲ ಹಿಡಿದು 800 ಕೋಟಿ ಡಾಲರ್ ಆಗಿತ್ತು. ಹಳೇ ಮುದುಕ ಬರ್ನಿ ಮ್ಯಾಲ ನನಗ ಸಿಟ್ಟಿಲ್ಲ ಬಿಡ್ರಿ. ನನ್ನಂಗ ಕರಾರು ಓದದ ಸಹಿ ಹಾಕೋ ಪೈಕಿ ಅಲ್ಲ ಅಂವ.

ತಂಡದವರೂ ಏನ್ ಕಮ್ಮಿ ಇಲ್ಲ. ಪಂಗ್ತಿಯಾಗ ಹತ್ತು ತಂಡಕ್ಕ ಹತ್ತು ಎಲಿ ಹಾಕಿತ್ತು. ಅಮೆರಿಕಾದ ರೇಸ್ ತಂಡದ ಆಂಡ್ರೆಟ್ಟಿ ಬಂದು ನನಗೊಂದು ಎಲಿ ಹಾಕ್ರಿ ಅಂದ. ಎಫ್‌ಐಎ 2023ರ ಅಕ್ಟೋಬರಿನಾಗ ಹೂಂ ಅಂತು. ಹೋಳಿಗಿ ಹತ್ತು ಪಾಲಾಗೂದು ಹನ್ನೊಂದಾಗ್ತದಲ್ಲ, 2024ರ ಜನವರಿಯಾಗ ಫಾರ್ಮುಲಾ ಒನ್‌ನವರು ಒಲ್ಲೆ ಅಂದ್ರು. ಅದ ವರ್ಷ ನವೆಂಬರಿನಾಗ ಜನರಲ್ ಮೋಟರ್ಸ್ ಮುಂದ ನಿಂತು ಕ್ಯಾಡಿಲಾಕ್ ಹೆಸರಿಲೆ ಬಂದ ಕೂಡ್ಲೆ ಮಾತು ಮೆತ್ತಗಾತು. 2026ಕ್ಕ ಎಲಿ ಬಿತ್ತು.

ಲೈನ್ ಬಜಾರ್ ಜೂನಿಯರ್:

ಕಾಕಾ ಹೇಳಿದ್ದು ಸರಿ ಅದ, ಆದ್ರ ತೆರಿಗೆ ಮಾತು ಬಿಟ್ಟಾರ. ನಾನು ಧಾರವಾಡ ಹೈಕೋರ್ಟ್ ಪೀಠದಾಗ ಒಬ್ಬ ಹಿರಿಯರ ಹತ್ರ ಜೂನಿಯರ್ ಇದ್ದೀನಿ, ತೆರಿಗೆ ಕೇಸ್ ಓದೂದರಾಗ ಈ ತೀರ್ಪು ಸಿಕ್ಕಿತ್ತು. ರೇಸ್ ನೋಡಿದವಳಲ್ಲ.

ಉತ್ತರ ಪ್ರದೇಶ ಸರಕಾರ ಮನರಂಜನಾ ತೆರಿಗೆ ಮಾಫ್ ಮಾಡಿತ್ತು. ಅದನ್ನ ಪ್ರಶ್ನೆ ಮಾಡಿ ಅರ್ಜಿ ಹೋತು. 2011ರ ರೇಸಿಗೆ ಒಂದು ವಾರದ ಮುಂದ ಸುಪ್ರೀಂ ಕೋರ್ಟು, ಟಿಕೆಟ್ ರೊಕ್ಕದಾಗ ಶೇಕಡಾ 25 ಬ್ಯಾರೆ ಖಾತೇದಾಗ ಇಡ್ರಿ ಅಂತು. ಅಂದ್ರ ಕಾಕಾ ಹೇಳಿದ ಮಿರ್ಚಿ ಅಂಗಡಿ ಬಾಡಗಿ ಇತ್ತಲ್ಲ, ಅದರಾಗೂ ಕಾಲು ಪಾಲು ಕೈಗೆ ಸಿಗಲಿಲ್ಲ.

ಎರಡನೇದು ದೊಡ್ಡದು. ಆ 4 ಕೋಟಿ ಡಾಲರ್ ಮ್ಯಾಲ ಭಾರತದಾಗ ತೆರಿಗೆ ಬೀಳ್ತದೋ ಇಲ್ಲೋ ಅಂತ ಜಗಳ. ಆ ಫೀ ತಗೊಂಡ ಫಾರ್ಮುಲಾ ಒನ್‌ನ ಇಂಗ್ಲೆಂಡಿನ ಕಂಪನಿ ವಾದ ಏನಂದ್ರ, ವರ್ಷಕ್ಕ ಮೂರು ದಿನದ ಆಟ, ನಮಗ ಇಲ್ಲಿ ಕಾಯಂ ಅಂಗಡಿ ಎಲ್ಲದ? 2017ರ ಏಪ್ರಿಲ್ 24ಕ್ಕ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಎಷ್ಟು ದಿನ ಇದ್ರಿ ಅನ್ನೂದಲ್ಲ, ಆ ದಿನಗಳಾಗ ಸರ್ಕ್ಯೂಟ್ ಯಾರ ಕೈಯಾಗ ಇತ್ತು ಅನ್ನೂದು ಮುಖ್ಯ ಅಂತ ಹೇಳಿ, ಬುದ್ಧ ಸರ್ಕ್ಯೂಟೇ ನಿಮ್ಮ ಕಾಯಂ ನೆಲೆ ಅಂತು. ಜೇಪಿಗೆ ಕೊಟ್ಟ ಹಕ್ಕು ಹಿಂಬಾಗ್ಲಿಂದ ಅವರ ಕಂಪನಿಗೋಳಿಗೇ ವಾಪಸ್ ಹೋಗಿದ್ದನ್ನ ಕೋರ್ಟು ಒಂದೊಂದಾಗಿ ಬಿಡಿಸಿ ನೋಡ್ಯದ. ಕಾಕಾನ ಕರಾರಿನ ಸಂಕಟ ಅಷ್ಟೂ ತೀರ್ಪಿನಾಗ ಅದ. ನನಗ ನೆನಪಿನಾಗ ಉಳಿದದ್ದು ಮತ್ತೊಂದು: ರೇಸಿನ ಕರಾರು 4 ಕೋಟಿ ಡಾಲರ್, ಅದ ದಿನ ಲಾಂಛನ, ಹೆಸರು ಬಳಸಾಕ ಮಾಡಿದ ಇನ್ನೊಂದು ಕರಾರು ಬರೇ 1 ಡಾಲರ್.

ಎಪಿಎಂಸಿ ಲಾರಿ ಬುಕಿಂಗ್:

ಕೆನಡಾ ಪ್ರಶ್ನೆಗೆ ನಾ ಹೇಳ್ತೀನಿ, ಲೋಡ್ ಹೊಂದಸೋದ ನಮ್ಮ ಕಸುಬು. ಯುರೋಪಿನಾಗ ಲಾರಿ, ದೂರಕ್ಕ ಇಮಾನ. ಕುರ್ಚಿ, ಗೋಡಿ, ಅಡಗಿ ಸಾಮಾನಿನಂಥ ಭಾರದ್ದು ಹಡಗಿನಾಗ, ಅದೂ ಒಂದ ಸಾಮಾನಿನ ನಾಲ್ಕೈದು ಜೋಡಿ ಮಾಡಿ ಮೊದಲ ಕಳಸಿರ್ತಾರ. ಬೆಳಗಾವಿಗೆ ಹೋದ ಗಾಡಿ ಖಾಲಿ ವಾಪಸ್ ತಂದು ಮತ್ತ ನಿಪ್ಪಾಣಿಗೆ ಕಳಸಿದ್ರ ಮಾಲಕ ನನ್ನ ಮನಿಗೆ ಕಳಸ್ತಾನ. ಫಾರ್ಮುಲಾ ಒನ್‌ನವರು ವರ್ಷಗಟ್ಟಲೆ ಹಂಗ ಮಾಡಿದ್ರು, ಯಾಕಂದ್ರ ಪ್ರತಿ ಊರಿಗೂ ತನ್ನ ತಾರೀಖು ಬೇಕು. ಕೆನಡಾದ ಮಾಂಟ್ರಿಯಲ್‌ನಾಗ ಥಂಡಿ, ಮೊನಾಕೊಗೆ ಮೇ ತಿಂಗಳಿನ ಹಟ ಇತ್ತು. ಈಗ ಸ್ವಲ್ಪ ಬುದ್ಧಿ ಬಂದೈತಿ. 2024ರಾಗ ಜಪಾನ್ ಏಪ್ರಿಲ್‌ಗೆ ಬಂತು, ಬಾಕು ಸೆಪ್ಟೆಂಬರ್‌ಗೆ ಹೋಗಿ ಸಿಂಗಪುರದ ಮಗ್ಗಲ ಕೂತಿತು. 2026ಕ್ಕ ಕೆನಡಾ ಮೇ ತಿಂಗಳಿಗೆ, ಮಯಾಮಿ ಬೆನ್ನಿಗೆ. ಮೊನಾಕೊ ಜೂನ್‌ಗೆ ಸರೀತು. ರಂಜಾನ್ ಶುರುವಾಗೂದಿತ್ತಂತ 2024ರಾಗ ಬಹ್ರೇನ್, ಜೆಡ್ಡಾ ಎರಡೂ ಶನಿವಾರ ಓಡಿದ್ವು. ಆದ್ರ ಅಮೆರಿಕಾದ ಲಾಸ್ ವೇಗಸ್‌ನಿಂದ ಸೀದಾ ಕತಾರ್, ಮುಂದಿನ ವಾರ ಅಬುಧಾಬಿ. ಇದು ಯಾವ ಬುಕಿಂಗ್ ಕ್ಲರ್ಕ್ ಮಾಡಿದ ಕೆಲಸ ಅಂತ ನನಗೂ ಕೇಳಬೇಕಾಗೇತಿ.

ಉಣಕಲ್ ಹುಡುಗ:

ಕಾಕಾ, ಒಂದು ಮಾತು. ಸರಕಾರ ಹಿಂದ ನಿಂತ್ರ ನಡೀತದ ಅಂತೀರಿ. ಹೈದರಾಬಾದ್‌ನಾಗ ಫಾರ್ಮುಲಾ ಇ, ಕರೆಂಟಿನ ಕಾರಿನ ರೇಸು, ಆತಲ್ಲ, ಹುಸೇನ್ ಸಾಗರದ ದಂಡಿಗೆ, 2023ರ ಫೆಬ್ರವರಿಯಾಗ? ಅದ್ಯಾಕ ಒಂದ ವರ್ಷಕ್ಕ ನಿಂತಿತು?

ಹಾವೇರಿ ಪೆಂಡಾಲ್:

ಡಿಸೆಂಬರ್‌ನಾಗ ತೆಲಂಗಾಣದ ಸರಕಾರ ಬದಲಾತು, ಜನವರಿಯಾಗ ರೇಸ್ ರದ್ದಾತು. ಓಟಿನ ಸಭಾಕ್ಕ ಪೆಂಡಾಲ್ ಹಾಕಿದಾಂವ ನಾನು, ಸೋತ ಪಾರ್ಟಿ ಕಡೆ ಬಾಕಿ ಕೇಳಾಕ ಹೋಗಿ ಚಾ ಕುಡುದು ಬಂದೀನಿ. ಬಾಕುವಿನಾಗ ಆ ಚಿಂತಿ ಇಲ್ಲ ನೋಡು.

ಲೈನ್ ಬಜಾರ್ ಜೂನಿಯರ್:

ಉಣಕಲ್ ತಮ್ಮಾ, ನಿನ್ನ 2011ರ ಟಿಕೆಟ್ ಇನ್ನೂ ಅದ ಏನು? ಬೆಲಿ ಕೆಳಗ ತೆರಿಗೆ ಸೇರಿ ಅಂತ ಬರದಾರೋ ಏನು ಅಂತ ನೋಡಬೇಕಿತ್ತು. ತೀರ್ಪಿನಾಗ ಅದು ಸಿಗೂದಿಲ್ಲ.

ಉಣಕಲ್ ಹುಡುಗ:

ಅದ ಅಕ್ಕಾರ. ಅವ್ವನ ಟ್ರಂಕಿನಾಗ, ಸೀರಿ ಕೆಳಗ. ಮದುವಿಗೆ ಹೋಗಿದ್ದೆ ಅಂತ ಹೇಳಿದ ಸುಳ್ಳು ಸಿಕ್ಕಿದ್ದು ಆ ಟಿಕೆಟಿನಿಂದನ. ರವಿವಾರ ಫೋಟೋ ತಗದು ಹಾಕ್ತೀನಿ, ಅವ್ವ ಕೀಲಿ ಕೊಟ್ರ.