ಊರು ಬದಲಾದ ಮೇಲೆ ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಮನೆಯವರಿಗೆ ವರ್ಗವಾದ್ದರಿಂದ ಮೇ ಕೊನೆಯಲ್ಲಿ ಶಿರಸಿಯಿಂದ ಬೆಂಗಳೂರಿಗೆ ಬಂದೆವು. ಅಲ್ಲಿ ಅಜ್ಜಿಯ ಮಗ್ಗುಲಲ್ಲೇ ಮಲಗಿ, ಕನ್ನಡ ಶಾಲೆಗೆ ಹೋಗುತ್ತಿದ್ದ 7 ವರ್ಷದ ಮಗಳನ್ನು ಇಲ್ಲಿ ಇಂಗ್ಲಿಷ್ ಮಾಧ್ಯಮದ 2ನೇ ತರಗತಿಗೆ ಸೇರಿಸಿ ಆರು ವಾರವಾಯಿತು. ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಎಂದು ಅಳುತ್ತಾಳೆ, ಭಾನುವಾರ ನೋವಿರುವುದಿಲ್ಲ. ಮೂರು ವರ್ಷದ ಹಿಂದೆಯೇ ನಿಂತಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಿದೆ. ನಾಟಕವೆಂದು ಮನೆಯವರು ಗದರುತ್ತಾರೆ.

ಉತ್ತರ (ಮಕ್ಕಳ ಮನೋವೈದ್ಯೆ): ನಮಸ್ಕಾರ. ಆತಂಕವಾದಾಗ ಕರುಳಿನ ಚಲನೆಯೇ ಬದಲಾಗುವುದರಿಂದ ಅವಳ ನೋವು ನಿಜವಾದದ್ದು, ದಯವಿಟ್ಟು ಗದರಬೇಡಿ. ಆದರೂ ಸೋಂಕು ಅಥವಾ ಸಕ್ಕರೆಯ ತೊಂದರೆ ಇಲ್ಲವೆಂದು ಖಚಿತವಾಗಲು ಮಕ್ಕಳ ವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸಿ.

ಅಜ್ಜಿ, ಗೆಳತಿಯರು, ಶಾಲೆಯ ಭಾಷೆ ಎಲ್ಲವೂ ಕೆಲವೇ ದಿನಗಳಲ್ಲಿ ಅವಳ ಕೈತಪ್ಪಿವೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘ ಅಧ್ಯಯನದಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹೊಸದಕ್ಕೆ ನಿಧಾನವಾಗಿ ಒಗ್ಗುವ ಸ್ವಭಾವದವರೆಂದು ಕಂಡುಬಂದಿತ್ತು. ನಿಮ್ಮ ಮಗಳೂ ಅಂಥವಳಿರಬಹುದು, ಅದು ದೋಷವಲ್ಲ. ಅಂಥ ಮಗುವಿಗೆ ಹಳೆಯದರಲ್ಲಿ ಒಂದಿಷ್ಟಾದರೂ ಹಾಗೇ ಉಳಿಯಬೇಕು. ಅಜ್ಜಿಯ ಹಳೆಯ ಹತ್ತಿ ಸೀರೆಯೊಂದನ್ನು ತರಿಸಿ ಹೊದಿಸಿರಿ, ಮಲಗುವ ಮುನ್ನ ದಿನವೂ ಅದೇ ಹೊತ್ತಿಗೆ ಫೋನಿನಲ್ಲಿ ಅಜ್ಜಿಯಿಂದ ಕಥೆ ಹೇಳಿಸಿರಿ. ಊರು ನೆನೆದು ಅತ್ತರೆ, "ಇಲ್ಲಿ ಪಾರ್ಕ್ ಇದೆಯಲ್ಲ" ಎಂದು ಮಾತು ಮರೆಸದೆ ಜೊತೆಯಲ್ಲಿ ಕುಳಿತು ಕೇಳಿರಿ. ಶಾಲೆಯನ್ನು ಮಾತ್ರ ತಪ್ಪಿಸಬೇಡಿ, ಒಂದು ದಿನ ಮನೆಯಲ್ಲಿ ಉಳಿದರೆ ಮರುದಿನದ ಭಯ ಇಮ್ಮಡಿಯಾಗುತ್ತದೆ.

ಇನ್ನೊಂದು ವಿಷಯ: ಶಾಲೆಯಲ್ಲಿ ಶೌಚಾಲಯಕ್ಕೆ ಹೋಗುತ್ತಾಳೆಯೇ? ನಿಧಾನವಾಗಿ ವಿಚಾರಿಸಿ.

ಪ್ರಶ್ನೆ ಕೇಳಿದವರು: ವಿಚಾರಿಸಿದೆ ಡಾಕ್ಟರೇ. ಇಂಗ್ಲಿಷಿನಲ್ಲಿ ಕೇಳಲು ಹೆದರಿ, ಮನೆಗೆ ಬರುವವರೆಗೂ ತಡೆದುಕೊಳ್ಳುತ್ತಿದ್ದಾಳೆ. ನೀರಿನ ಬಾಟಲಿ ತುಂಬಿದ ಹಾಗೇ ವಾಪಸು ಬರುತ್ತಿದ್ದುದು ಏಕೆಂದು ಈಗ ತಿಳಿಯಿತು.

ಉತ್ತರ: ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ. ನಾಳೆಯೇ ತರಗತಿಯ ಶಿಕ್ಷಕಿಯನ್ನು ಕಂಡು, ಕನ್ನಡದಲ್ಲಿ ಕೇಳಿದರೂ, ಬರೀ ಕಿರುಬೆರಳು ಎತ್ತಿದರೂ ಕಳುಹಿಸುವಂತೆ ಕೋರಿರಿ. ಆ ಮಾತನ್ನು ಶಿಕ್ಷಕಿಯೇ ಅವಳಿಗೆ ಹೇಳಲಿ. ಹೀಗೆ ತಡೆದುಕೊಳ್ಳುವುದರಿಂದ ಮಲಬದ್ಧತೆಯಾಗಿ, ಹೊಟ್ಟೆನೋವೂ ರಾತ್ರಿಯ ತೊಂದರೆಯೂ ಹೆಚ್ಚುತ್ತವೆ. ಆದ್ದರಿಂದ ಹಗಲು ಧಾರಾಳವಾಗಿ ನೀರು ಕುಡಿಯಲಿ. ಆಟ, ಊಟ ಬಿಟ್ಟು ಮಂಕಾದರೆ ಅಥವಾ ಮೂರು ತಿಂಗಳಾದರೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ. ಅದಕ್ಕೂ ಮೊದಲು ನಿಮಗೆ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.