ಸೀಸದ ಗುಂಡಿನ ತೂಕ ಒಂದೇ ಸಮ ಬರ್ತಿಲ್ಲ, ತಪ್ಪು ಅಚ್ಚಿಂದಾ ಕೈಯಿಂದಾ?

ತೋಟದ ಹುಡುಗ
ನಮ್ಮ ತೋಟದ ಕೆರೆಲಿ ಕಾಟ್ಲಾ, ರೋಹು ಬಿಟ್ಟಿದೀವಿ, ಬೀಸುಬಲೆ ಅಂಚಿನ ಸೀಸ ಅರ್ಧಕ್ಕರ್ಧ ಉದುರಿಹೋಗಿದೆ, 200 ಗುಂಡು ನಾವೇ ಎರೆಯೋಣ ಅಂತ ಆನ್‌ಲೈನಲ್ಲಿ ಎರಡು ಗುಳಿಯ ಅಲ್ಯೂಮಿನಿಯಂ ಅಚ್ಚು ತರಿಸ್ದೆ. 12 ಮಿಮೀ ಗುಂಡು, ನಡುವೆ 2 ಮಿಮೀ ಕಂಬಿ ಇಟ್ರೆ ತೂತು ಸಮೇತ ಬರುತ್ತೆ. ಲೆಕ್ಕಕ್ಕೆ ಒಂದೊಂದು 9.8 ಗ್ರಾಂ ಬರ್ಬೇಕು, ಪುಟ್ಟ ಡಿಜಿಟಲ್ ತಕ್ಕಡೀಲಿ ಇಟ್ಟು ನೋಡಿದ್ರೆ 9.7 ಇಂದ 10.4 ತನಕ ಹೇಗೆ ಬೇಕೋ ಹಾಗೆ. ಅಟ್ಟದಲ್ಲಿ ಅಜ್ಜನ ಕಾಲದ ಕಬ್ಬಿಣದ ಅಚ್ಚು ಬಿದ್ದಿದೆ, ಇಕ್ಕಳದ ಥರ ಇದೆ, ಕೇಪಿನ ಕೋವಿಗೆ ಗುಂಡು ಎರೀತಿದ್ದದ್ದಂತೆ, ಅದರ ಎರಡು ಹೋಳು ಮುಚ್ಚಿದ್ರೆ ಮಧ್ಯೆ ಬೆಳಕೂ ತೂರಲ್ಲ. ಹೊಸದಕ್ಕೆ ಯಾಕೆ ಈ ಗತಿ?

ಹಾರಂಗಿ ಗಾಳ
ಅರ್ಧ ಗ್ರಾಂ ಹೆಚ್ಚುಕಮ್ಮಿ ಆದ್ರೆ ಏನೀಗ ಮಾರಾಯ, ಮೀನೇನು ತಕ್ಕಡಿ ಹಿಡ್ಕೊಂಡು ಕೂತಿರುತ್ತಾ 😄

ತೋಟದ ಹುಡುಗ
ಗಾಳಕ್ಕಾದ್ರೆ ನಡೆಯುತ್ತಣ್ಣ, ಬಲೆಗೆ ಭಾರದ್ದೆಲ್ಲ ಒಂದೇ ಕಡೆ ಸೇರ್ಕೊಂಡ್ರೆ ಬೀಸಿದಾಗ ದುಂಡಗೆ ಬಿಚ್ಕೊಳಲ್ಲ, ಬಾಳೆಎಲೆ ಥರ ಉದ್ದಕ್ಕೆ ಬೀಳುತ್ತೆ.

ಲೇತ್ ಅಣ್ಣ
ಅಚ್ಚನ್ನ ಬಯ್ಯೋ ಮುಂಚೆ ನಿಮ್ಮ ಕೈ ನೋಡ್ಕೊಳಿ. ಸೀಸ ಕರಗೋದು 327 ಡಿಗ್ರಿಗೆ, ಅಚ್ಚು ತಣ್ಣಗಿದ್ರೆ ಗುಳಿ ತುಂಬೋ ಮುಂಚೆನೇ ಹೆಪ್ಪುಗಟ್ಟುತ್ತೆ, ಗುಂಡಿನ ಮೈಮೇಲೆ ಅಜ್ಜಿ ಕೆನ್ನೆ ಥರ ಸುಕ್ಕು ಬರುತ್ತೆ. ಅತಿ ಬಿಸಿಯಾದ್ರೆ ಹೊಳಪು ಹೋಗಿ ಮಂಜು ಕೂತ ಹಾಗೆ ಬೆಳ್ಳಗಾಗುತ್ತೆ. ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕಿಲ್ಲ, ವಾಪಸ್ ಪಾತ್ರೆಗೆ. ಆಮೇಲೆ ಒಂದೇ ಲಯದಲ್ಲಿ ಎರೀತಾ ಹೋಗ್ಬೇಕು, ಮಧ್ಯೆ ಕಾಫಿ ಕುಡಿಯೋಕೆ ಹೋದ್ರೆ ಅಲ್ಯೂಮಿನಿಯಂ ತಣ್ಣಗಾಗಿರುತ್ತೆ, ಮತ್ತೆ ಮೊದಲಿಂದ ಶುರು.

ಮಡಿಕೇರಿ ಮಂಜು
ಒಪ್ಪಲ್ಲ ಅಣ್ಣ. ಸುಕ್ಕು ಬಿದ್ರೆ ತೂಕ ಕಮ್ಮಿ ಆಗ್ಬೇಕು, ಇವರಿಗೆ ಜಾಸ್ತಿ ಬರ್ತಿದೆ. ಜಾಸ್ತಿ ಬರ್ತಿದೆ ಅಂದ್ರೆ ಹೋಳೆರಡು ಪೂರ್ತಿ ಮುಚ್ತಿಲ್ಲ. 0.2 ಮಿಮೀ ಸಂದಿ ಉಳಿದ್ರೂ 12 ಮಿಮೀ ಗುಂಡಿಗೆ ಕಾಲು ಗ್ರಾಂ ಸೇರ್ಕೊಳುತ್ತೆ, ಸೀಸದ ಸಾಂದ್ರತೆ 11.34, ಲೆಕ್ಕ ಹಾಕಿ ನೋಡಿ. ಹುಡುಗ, ನಿನ್ನ ಗುಂಡಿನ ಸುತ್ತ ತೆಳು ರೆಕ್ಕೆ ಬರ್ತಿದ್ಯಾ? ಇನ್ನೊಂದು, ಎರಡೂ ಗುಳಿದು ಒಂದೇ ಡಬ್ಬಿಗೆ ಹಾಕಿ ತೂಗಿರ್ತೀಯ. ಬೇರೆ ಬೇರೆ ಇಟ್ಟು ತೂಗು.

ಲೇತ್ ಅಣ್ಣ
ಸೀಸ ಯಾವ್ದು ಅಂತನೂ ಹೇಳಿಲ್ಲ. ಗುಜರಿಯಿಂದ ತಂದ ಟೈರ್ ಬ್ಯಾಲೆನ್ಸಿಂಗ್ ತುಂಡಾ? ಈಗ ಅದ್ರಲ್ಲಿ ಸತುವಿನದ್ದೂ ಬರುತ್ತೆ, ಸತು ಕರಗೋದು 419ರ ಮೇಲೆ, ಉರಿ ಜಾಸ್ತಿ ಮಾಡಿ ಅದನ್ನೂ ಕರಗಿಸಿಬಿಟ್ರೆ ಇಡೀ ಪಾತ್ರೆ ಗಂಜಿ ಥರ ಆಗುತ್ತೆ, ಮೂಲೆ ತುಂಬಲ್ಲ. ಉರಿ ಹಿಡಿತದಲ್ಲಿಟ್ರೆ ಸತು ಮೇಲೆ ತೇಲುತ್ತೆ, ಸೌಟಲ್ಲಿ ತೆಗೆದು ಬಿಸಾಕಬಹುದು. ಬ್ಯಾಟರಿ ಪ್ಲೇಟಂತೂ ಮುಟ್ಟಲೇಬೇಡಿ, ಆ್ಯಸಿಡ್ಡು, ವಿಷದ ಹೊಗೆ. ಕರಗಿದ ಸೀಸದ ಮೇಲೆ ಕಟ್ಟೋ ಕಿಟ್ಟ ತೆಗೆಯೋಕೆ ಚೂರು ಜೇನುಮೇಣ ಹಾಕಿ ಕಲಸಿ, ನಮ್ಮೂರಲ್ಲಿ ಜೇನುಮೇಣಕ್ಕೇನು ಬರ.

ವಕೀಲ್ರ ಮಗ
ನಡುವೆ ಬಾಯಿ ಹಾಕ್ತಿದೀನಿ. ಅಜ್ಜನ ಅಚ್ಚು ಷೋಕೇಸಲ್ಲಿಡಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ವಿನಾಯ್ತಿ ಇರೋದು ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಳೋಕೆ, ಅದು 2029ರ ತನಕ ಅಂತ ಕೇಂದ್ರ 2019ರಲ್ಲಿ ಆದೇಶ ಮಾಡಿದೆ. ಮದ್ದುಗುಂಡು ತಯಾರಿಸೋಕೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ನಮ್ಮ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದಿಗೆ ಕೋವಿ ಪಕ್ಕ ಇಟ್ಟು ತೋಕ್ ಪೂ (ಕೋವಿ ಹೂ) ಮುಡಿಸಿ, ಯಾರೂ ಬೇಡ ಅನ್ನಲ್ಲ.

ಹಾರಂಗಿ ಗಾಳ
ಬಲೆ ವಿಷಯಕ್ಕೆ ಬಂದವನನ್ನ ಕಟಕಟೆಗೆ ನಿಲ್ಲಿಸಿದ್ರಲ್ಲ. ಅದಿರ್ಲಿ, ಕಬ್ಬಿಣನೇ ಒಳ್ಳೇದು ಅನ್ನೋರಿಗೆ ಒಂದು ಮಾತು, ನಾನೊಂದು ಕಬ್ಬಿಣದ ಅಚ್ಚು ಜೂನ್‌ನಲ್ಲಿ ಎಣ್ಣೆ ಹಚ್ಚದೆ ಶೆಡ್ಡಲ್ಲಿಟ್ಟೆ, ಸೆಪ್ಟೆಂಬರಲ್ಲಿ ತೆಗೆದ್ರೆ ಗುಳಿ ಒಳಗೆಲ್ಲ ತುಕ್ಕು, ಎರೆದ ಗುಂಡು ಹಾಗಲಕಾಯಿ. ನಮ್ಮ ಮಳೆಗೆ ಅಲ್ಯೂಮಿನಿಯಮ್ಮೇ ಸರಿ.

ಲೇತ್ ಅಣ್ಣ
ಎಣ್ಣೆ ಹಚ್ಚದೇ ಇದ್ದದ್ದು ಕಬ್ಬಿಣದ ತಪ್ಪಾ? ಕಬ್ಬಿಣ ನಿಧಾನಕ್ಕೆ ಕಾಯುತ್ತೆ ನಿಧಾನಕ್ಕೆ ಆರುತ್ತೆ, ಅದಕ್ಕೇ ಸಮ ಬರೋದು. ಅಲ್ಯೂಮಿನಿಯಂ ಮೆತ್ತಗೆ, ನಾಲ್ಕು ಸಲ ದಡಾರ್ ಅಂತ ಮುಚ್ಚಿದ್ರೆ ಎರಡು ಹೋಳನ್ನ ಸರಿಯಾಗಿ ಕೂರಿಸೋ ಪಿನ್ನಿನ ತೂತು ಸವೆಯುತ್ತೆ, ಹೋಳು ಜಾರುತ್ತೆ.

ಪೊನ್ನಂಪೇಟೆ ಅಕ್ಕ
ನೀವೆಲ್ಲ ಗ್ರಾಂ ಲೆಕ್ಕ ಹಾಕ್ತಾ ಇರಿ, ಎಲ್ಲಿ ಕುದಿಸ್ತಿದೀರ ಅಂತ ಒಬ್ಬರಾದ್ರೂ ಕೇಳಿದ್ರಾ? ಅಡುಗೆಮನೇಲಾ? ಮನೇಲಿ ಮಕ್ಕಳಿದ್ರೆ ಆ ಕಿಟ್ಟದ ಪುಡಿ ಒಂದು ಚೂರೂ ಒಳಗೆ ಬರ್ಬಾರ್ದು, ಸೀಸ ಇಷ್ಟು ಹೋದ್ರೆ ಪರ್ವಾಗಿಲ್ಲ ಅನ್ನೋ ಮಟ್ಟನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಬ್ರಿಟನ್ನಲ್ಲಿ ಹಂಸಗಳು ನುಂಗಿ ಸಾಯ್ತವೆ ಅಂತ 28 ಗ್ರಾಂವರೆಗಿನ ಗಾಳದ ಸೀಸದ ಮಾರಾಟನೇ 1987ರಲ್ಲಿ ನಿಲ್ಲಿಸಿದ್ರು. ಇನ್ನೊಂದು, ಹೋದ ಮಳೆಗಾಲ ನಮ್ಮ ಭಾವ ಕೊಟ್ಟಿಗೇಲಿ ಕರಗಿಸ್ತಿದ್ದಾಗ ಒದ್ದೆ ತುಂಡು ಪಾತ್ರೆಗೆ ಹಾಕಿದ್ರು, ಡಬ್ ಅಂತ ಹಾರ್ತು, ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳೀತು, ಮುಂಗೈ ಮೇಲೆ ಈಗ್ಲೂ ಮೂರು ಕಲೆ ಇದೆ.

ತೋಟದ ಹುಡುಗ
ಅಕ್ಕ, ಕಾಫಿ ಕಣದ ಆಚೆ ಬಯಲಲ್ಲೇ ಮಾಡೋದು, ಮಳೆ ಬಿಟ್ಟ ದಿನ. ಸೌಟು ಮಾತ್ರ ಅಡುಗೆಮನೇದು...

ಪೊನ್ನಂಪೇಟೆ ಅಕ್ಕ
ಅದು ವಾಪಸ್ ಅಡುಗೆಮನೆಗೆ ಹೋಯ್ತೋ ನಿನ್ ಅಮ್ಮಂಗೆ ನಾನೇ ಫೋನ್ ಮಾಡ್ತೀನಿ.

ತೋಟದ ಹುಡುಗ
ಭಾನುವಾರ ಮಂಜಣ್ಣ ಹೇಳಿದ ಹಾಗೆ ಎರಡು ಡಬ್ಬಿ ಇಟ್ಟು, ಒಂದೊಂದು ಗುಳಿದು 20 ತೂಗ್ದೆ. ಹಿಡಿ ಕಡೆಯ ಗುಳಿದು ಎಲ್ಲಾ 9.7, 9.8. ತುದಿ ಕಡೇದು 10.1 ಇಂದ 10.4, ಅದಕ್ಕೆ ಮಾತ್ರ ರೆಕ್ಕೆ. ಅಚ್ಚು ಬಿಸಿಲಿಗೆ ಹಿಡಿದು ನೋಡಿದ್ರೆ ತುದಿಯ ಪಿನ್ ಬುಡದಲ್ಲಿ ಎಳ್ಳಿನ ಸಿಪ್ಪೆಯಷ್ಟು ಸೀಸ ಅಂಟಿತ್ತು, ಮಸಿ ಮೆತ್ಕೊಂಡು ಕಾಣ್ತಿರ್ಲಿಲ್ಲ. ಅಚ್ಚು ಬಿಸಿ ಮಾಡಿ ಬಿದಿರು ಚಕ್ಕೇಲಿ ಕೆರೆದೆ, ಗಾಳಿ ಹೋಗೋ ಗೀರಲ್ಲಿ ಕಟ್ಟಿದ್ದ ಮಸಿನೂ ತೆಗೆದೆ. ಮತ್ತೆ ಎರೆದ್ರೆ ತುದಿ ಗುಳಿದು 9.9 ಹತ್ರ ನಿಂತಿದೆ.

ಲೇತ್ ಅಣ್ಣ
ನೋಡಿ, ಕೈ ತಪ್ಪು ಅಂದಿದ್ನಲ್ಲ. ಒರೆಸದೆ ಮುಚ್ಚಿದ್ದು ಯಾರು?

ಮಡಿಕೇರಿ ಮಂಜು
ಹಾಗಾದ್ರೆ ಕೆರೆದ ಮೇಲೂ ಉಳಿದಿರೋ 0.1 ಗ್ರಾಂ ಯಾರ ಕೈದು? ಆ ಗುಳಿ ಕೊರೆಯುವಾಗ್ಲೇ ದೊಡ್ಡದಾಗಿದೆ. ಎರಡು ಗುಳಿ ಸಮ ಕೊರೆಯೋಕೆ ಬರದವರು ಒಂದೇ ಗುಳಿದು ಮಾಡಿ ಮಾರ್ಲಿ.

ಲೇತ್ ಅಣ್ಣ
0.1 ಗ್ರಾಂ ಅಂದ್ರೆ ವ್ಯಾಸದಲ್ಲಿ 0.04 ಮಿಮೀ. ಆ ದುಡ್ಡಿಗೆ ಅದಕ್ಕಿಂತ ಚೆನ್ನಾಗಿ ಕೊರೆದು ಕೊಡೋರು ಇದ್ರೆ ನಂಬರ್ ಕಳ್ಸು, ನಾನೇ ಆರ್ಡರ್ ಹಾಕ್ತೀನಿ.

ತೋಟದ ಹುಡುಗ
ಜಗಳ ಬೇಡ, ಎರಡೂ ಗುಳಿದು ಒಂದು ಬಿಟ್ಟು ಒಂದು ಪೋಣಿಸಿ ಕಟ್ತಿದೀನಿ, 140 ಆಯ್ತು. ಕುಶಾಲನಗರ ಸಂತೆಗೆ ಯಾರಾದ್ರೂ ಹೋಗೋರಿದ್ರೆ ಒಂದು ಸ್ಟೀಲ್ ಸೌಟು ತನ್ನಿ, ಅಮ್ಮಂಗೆ ವಿಷಯ ಗೊತ್ತಾಗಿದೆ.